ಡಿಸ್ಕ್ ಗಾಲ್ಫ್ ಆಟಗಾರ್ತಿಗೆ ಸ್ಪಾನ್ಸರ್ ಆಗುವುದು ಹೇಗೆ? ಸಣ್ಣ ಅಂಗಡಿ, ಸಣ್ಣ ಆಫೀಸಿನವರಿಗೆ ಒಂದು ಮಾರ್ಗದರ್ಶಿ

ಸಂಜೆ ಆರು ಗಂಟೆ ಆಗಿತ್ತು. ಪಾರ್ಕಿನ ಅಂಚಿನಲ್ಲಿ ಒಂದು ಹಳೆಯ ವ್ಯಾನ್ ಹಿಂದಿನ ಬಾಗಿಲು ತೆರೆದುಕೊಂಡು ನಿಂತಿತ್ತು. ಒಳಗೆ ಒಂದು ಹಾಸಿಗೆ, ಚಿಕ್ಕ ಸ್ಟೌವ್, ಹಗ್ಗದ ಮೇಲೆ ಒಣಗಲು ಹಾಕಿದ ಸಾಕ್ಸ್. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಆಟಗಾರ್ತಿ ಒಂದು ಡಿಸ್ಕಿನ ಮೇಲೆ ದಪ್ಪ ಮಾರ್ಕರ್‌ನಿಂದ ಸಹಿ ಹಾಕಿದರು. ಇಂಕು ಅಳಿಸದಿರಲಿ ಅಂತ ಎರಡು ಸಲ ಊದಿದರು. ಕಾಯುತ್ತ ನಿಂತಿದ್ದ ಹುಡುಗನ ಕೈಗೆ ಕೊಟ್ಟರು. ಇಪ್ಪತ್ತು ಡಾಲರ್. ಅವರ ಮೊಣಕಾಲಿನ ಕೆಳಗೆಲ್ಲ ಕೆಮ್ಮಣ್ಣು ಒಣಗಿತ್ತು. ಇಲ್ಲಿನ ಕ್ಯಾರೊಲಿನಾ ಮಣ್ಣು ನಮ್ಮೂರ ಮಣ್ಣಿನಷ್ಟೇ ಕೆಂಪು.

ಎಷ್ಟನೇ ಸ್ಥಾನ ಬಂತು ಅಂತ ಕೇಳಿದೆ. ಒಂಬತ್ತನೆಯದು ಅಂದರು. ಬಹುಮಾನ ಇದ್ದದ್ದು ಎಂಟನೇ ಸ್ಥಾನದವರೆಗೆ ಮಾತ್ರ. ಮೂರು ದಿನ ಆಡಿ ಕೈಗೆ ಏನೂ ಬಂದಿರಲಿಲ್ಲ. ಮುಂದಿನ ವಾರದ ಎಂಟ್ರಿ ಫೀ ವ್ಯಾನಿನ ಒಂದು ಕ್ರೇಟಿನಲ್ಲಿದ್ದ ಡಿಸ್ಕುಗಳನ್ನು ಮಾರಿಯೇ ಬರಬೇಕಿತ್ತು.

ನಾನು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಹತ್ತಿರ ಒಂದು ಚಿಕ್ಕ ಟ್ಯಾಕ್ಸ್ ಆಫೀಸು ನಡೆಸುತ್ತೇನೆ. ಭಾನುವಾರ ಬೆಳಗ್ಗೆ ಈ ಆಟ ಆಡುತ್ತೇನೆ, ಚೆನ್ನಾಗೇನೂ ಅಲ್ಲ. ಆ ಸಂಜೆಯ ನಂತರ ಒಬ್ಬ ಆಟಗಾರ್ತಿಗೆ ಸ್ಪಾನ್ಸರ್ ಆಗುವುದು ಅಂತ ತೀರ್ಮಾನ ಮಾಡಿದೆ. ಈಗ ಕೆಲವು ವರ್ಷವಾಯಿತು. ಮೊದಲ ವರ್ಷ ತಪ್ಪುಗಳನ್ನೂ ಮಾಡಿದೆ. ಅಮೆರಿಕದಲ್ಲೋ ಯುರೋಪಿನಲ್ಲೋ ಸಣ್ಣ ವ್ಯಾಪಾರ ಮಾಡುತ್ತಿರುವ ಕನ್ನಡದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಅರ್ಧ ಪುಟದ ಜಾಹೀರಾತು ಕೊಡುವವರು ನಾವೇ. ಅಷ್ಟೇ ದುಡ್ಡು ಒಬ್ಬ ಆಟಗಾರ್ತಿಯ ಒಂದಿಡೀ ವಾರವನ್ನು ನಡೆಸುತ್ತದೆ. ಅದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಮೊದಲು ಆಟ ನೋಡಿ

ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನ ನಿಯಮವೇ, ಚೆಂಡಿನ ಬದಲು ಡಿಸ್ಕು, ಕುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬಾಸ್ಕೆಟ್ಟು. ಟೀ ಅನ್ನುವ ಗುರುತಿನ ಜಾಗದಿಂದ ಎಸೆಯಲು ಶುರು ಮಾಡಿ, ಎಷ್ಟು ಕಡಿಮೆ ಎಸೆತದಲ್ಲಿ ಡಿಸ್ಕನ್ನು ಬಾಸ್ಕೆಟ್ಟಿಗೆ ಹಾಕುತ್ತೀರಿ ಅನ್ನುವುದೇ ಲೆಕ್ಕ. ಡಿಸ್ಕು ಸರಪಳಿಗೆ ಬಡಿದಾಗ ಬರುವ ಆ ಝಣ್ ಶಬ್ದ ಒಂದು ಸಲ ಕೇಳಿದರೆ ಮತ್ತೆ ಕೇಳಬೇಕು ಅನಿಸುತ್ತದೆ. ಸರಪಳಿಯ ಬಾಸ್ಕೆಟ್ಟನ್ನು ರೂಪಿಸಿದವರು ಕ್ಯಾಲಿಫೋರ್ನಿಯಾದ ಎಡ್ ಹೆಡ್ರಿಕ್. ಆಟಗಾರರ ಸಂಘವಾದ ಪಿಡಿಜಿಎಯನ್ನು 1976ರಲ್ಲಿ ಕಟ್ಟಿದವರೂ ಅವರೇ.

ಸ್ಪರ್ಧೆಯಲ್ಲಿ ಎರಡು ಅಕ್ಷರಗುಚ್ಛ ಪದೇ ಪದೇ ಕಾಣುತ್ತವೆ. ಎಂಪಿಒ ಅಂದರೆ ಯಾರು ಬೇಕಾದರೂ ಆಡಬಹುದಾದ ಮುಕ್ತ ವೃತ್ತಿಪರ ವಿಭಾಗ. ಅಲ್ಲಿ ಆಡುವವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಎಫ್‌ಪಿಒ ಅಂದರೆ ವೃತ್ತಿಪರ ಮಹಿಳೆಯರ ವಿಭಾಗ. ನಿಮ್ಮ ದುಡ್ಡು ಎಫ್‌ಪಿಒಗೆ ಹೋಗಬೇಕಾದರೆ ಈ ಮೂರು ಅಕ್ಷರವನ್ನು ನೀವು ಬಾಯಿಬಿಟ್ಟು ಹೇಳಬೇಕು, ಕಾಗದದಲ್ಲೂ ಬರೆಯಬೇಕು. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ದೊಡ್ಡ ಪಂದ್ಯಗಳನ್ನು ಡಿಸ್ಕ್ ಗಾಲ್ಫ್ ಪ್ರೊ ಟೂರ್ ನಡೆಸುತ್ತದೆ. ಲೈವ್‌ನಲ್ಲಿ ಸಾಮಾನ್ಯವಾಗಿ ಮಹಿಳೆಯರ ಸುತ್ತು ಮೊದಲು ಬರುತ್ತದೆ, ಆಮೇಲೆ ಗಂಡಸರದ್ದು. ಎರಡು ಮೂರು ಪಂದ್ಯಗಳನ್ನಾದರೂ ಪೂರ್ತಿ ನೋಡಿ. ಸುಮ್ನೆ ಮುಖ್ಯಾಂಶ ನೋಡಿದರೆ ಸಾಲದು. ಗಾಳಿ ತಿರುಗಿದಾಗ ಆಟಗಾರ್ತಿ ಚೀಲದಿಂದ ತೆಗೆದ ಡಿಸ್ಕನ್ನು ವಾಪಸ್ ಇಟ್ಟು ಬೇರೆಯದನ್ನು ತೆಗೆಯುವುದು, ಕಾಡಿನ ನಡುವೆ ಎರಡು ಮರದ ಸಂದಿಯನ್ನು ನೋಡುತ್ತ ಬೆರಳು ಒರೆಸಿಕೊಳ್ಳುವುದು, ಇವೆಲ್ಲ ನಿಧಾನವಾಗಿ ನೋಡಿದಾಗಲೇ ಕಾಣುವುದು. ಈ ಕೆಲಸ ಎಷ್ಟು ಕಷ್ಟದ್ದು ಅಂತ ತಿಳಿದವರು ಕೊಡುವ ದುಡ್ಡು ಬೇರೆ ಥರ ಇರುತ್ತದೆ.

ಹಂತ 2: ದುಡ್ಡು ಹೇಗೆ ಹರಿಯುತ್ತದೆ ಅಂತ ತಿಳಿದುಕೊಳ್ಳಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ನಾನು ಲೆಕ್ಕದವಳು, ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಒಂದು ಸಾಧಾರಣ ಪ್ರಾಂತೀಯ ಟೂರ್ನಮೆಂಟ್ ಅಂದುಕೊಳ್ಳಿ. ಎಂಪಿಒದಲ್ಲಿ 72 ಜನ, ಎಫ್‌ಪಿಒದಲ್ಲಿ 18 ಜನ. ಎಂಟ್ರಿ ಫೀ ತಲಾ 150 ಡಾಲರ್. ಸ್ಥಳೀಯ ಸ್ಪಾನ್ಸರ್‌ಗಳಿಂದ ಬಂದ ಹೆಚ್ಚುವರಿ ಹಣ 3,000 ಡಾಲರ್. ಫೀಯಲ್ಲಿ ಒಂದಿಷ್ಟು ಸಂಘಕ್ಕೆ, ಒಂದಿಷ್ಟು ಖರ್ಚಿಗೆ ಹೋಗುತ್ತದೆ, ಲೆಕ್ಕ ಸುಲಭವಾಗಲಿ ಅಂತ ಅದನ್ನು ಬಿಟ್ಟಿದ್ದೇನೆ.

ಬಹುಮಾನದ ಮೊತ್ತ ಆಯಾ ವಿಭಾಗದ ಫೀಯಿಂದಲೇ ಕಟ್ಟಿಕೊಳ್ಳುತ್ತದೆ. ಗಂಡಸರದ್ದು 10,800. ಮಹಿಳೆಯರದ್ದು 2,700. ಹೆಚ್ಚುವರಿ ಹಣವನ್ನು ತಲೆ ಎಣಿಸಿ ಹಂಚಿದರೆ 2,400 ಅತ್ತ, 600 ಇತ್ತ. ಒಟ್ಟು ಗಂಡಸರಿಗೆ 13,200, ಮಹಿಳೆಯರಿಗೆ 3,300.

ಕಾಗದದ ಮೇಲೆ ಯಾರಿಗೂ ಅನ್ಯಾಯ ಆಗಿಲ್ಲ, ತಲಾ ಲೆಕ್ಕ ಎರಡೂ ಕಡೆ ಒಂದೇ. ಆದರೆ ಪೆಟ್ರೋಲ್ ಬಂಕಿನವನು ತಲಾ ಲೆಕ್ಕ ಕೇಳುವುದಿಲ್ಲ. ಅದೇ ಕೋರ್ಸು, ಅದೇ ಮೂರು ದಿನ, ಅದೇ ಮೋಟೆಲ್ಲು. ಗೆದ್ದ ಗಂಡಸಿನ ಮೊದಲ ಬಹುಮಾನಕ್ಕೂ ಗೆದ್ದ ಹೆಂಗಸಿನ ಮೊದಲ ಬಹುಮಾನಕ್ಕೂ ದೊಡ್ಡ ಅಂತರ ಬಿದ್ದುಬಿಡುತ್ತದೆ. ಬಹುಮಾನ ಸಾಮಾನ್ಯವಾಗಿ ಮೇಲಿನ ಅರ್ಧದೊಳಗಿನವರಿಗಷ್ಟೇ ಸಿಗುವುದರಿಂದ, 18 ಜನರಲ್ಲಿ ಎಂಟು ಜನಕ್ಕೆ ಏನಾದರೂ ಸಿಕ್ಕೀತು. ಉಳಿದ ಹತ್ತು ಜನ ಖಾಲಿ ಕೈಯಲ್ಲಿ ಮನೆಗೆ. ಮುಂದಿನ ವರ್ಷ ಅವರಲ್ಲಿ ನಾಲ್ಕು ಜನ ಬರುವುದಿಲ್ಲ. ಆಗ ಆಟಗಾರ್ತಿಯರು ಹದಿನಾಲ್ಕು, ಬಹುಮಾನದ ಮೊತ್ತ ಇನ್ನೂ ಸಣ್ಣದು. ಪಿಡಿಜಿಎ ಸದಸ್ಯರಲ್ಲಿ ಮಹಿಳೆಯರು ನೂರಕ್ಕೆ ಹತ್ತು ಜನವೂ ಇಲ್ಲ. ಆ ಸಂಖ್ಯೆ ಮೇಲೇಳದಿರುವುದಕ್ಕೆ ಈ ಸುತ್ತುವ ಚಕ್ರವೂ ಒಂದು ಕಾರಣ ಅಂತ ನನ್ನ ಬಲವಾದ ಅಭಿಪ್ರಾಯ.

ಈಗ ನೀವು 1,000 ಡಾಲರ್ ಕೊಡುತ್ತೀರಿ ಅಂದುಕೊಳ್ಳಿ. ಏನೂ ಹೇಳದೆ ಕೊಟ್ಟರೆ ಅದರಲ್ಲಿ 800 ಗಂಡಸರ ಕಡೆಗೆ ಹೋಗುತ್ತದೆ, ಮಹಿಳೆಯರ ಮೊತ್ತ 3,500 ಆಗುತ್ತದೆ. "ಪೂರ್ತಿ ಎಫ್‌ಪಿಒಗೆ" ಅಂತ ಹೇಳಿ ಕೊಟ್ಟರೆ 4,300 ಆಗುತ್ತದೆ. ಅಂದರೆ ನೂರಕ್ಕೆ ಮೂವತ್ತರಷ್ಟು ಜಾಸ್ತಿ. ಮಾತು ಒಂದೇ, ಫಲ ಐದು ಪಟ್ಟು. ಟೂರ್ನಮೆಂಟ್ ನಡೆಸುವವರಿಗೆ ಹೀಗೆ ಷರತ್ತು ಹಾಕಿ ಕೊಡಲು ಖಂಡಿತ ಅವಕಾಶ ಇದೆ.

ಇನ್ನು ಆಟಗಾರ್ತಿಯ ಕೈಗೆ ನೇರವಾಗಿ ಬರುವ ದುಡ್ಡು. ಹೆಚ್ಚಿನ ಪಾಲು ಡಿಸ್ಕ್ ತಯಾರಿಸುವ ಕಂಪನಿಗಳಿಂದ ಬರುತ್ತದೆ. ಇದರಲ್ಲಿ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಲ್ಲಿ ಡಿಸ್ಕಿಗೆ ರಿಯಾಯಿತಿ, ಒಂದು ಟೀ ಶರ್ಟು, ಅಷ್ಟೇ. ಅದಕ್ಕಿಂತ ಮೇಲೆ ಉಚಿತ ಡಿಸ್ಕು ಮತ್ತು ಒಂದಷ್ಟು ಎಂಟ್ರಿ ಫೀ. ಅದಕ್ಕೂ ಮೇಲೆ ಸಂಬಳ, ಗೆದ್ದರೆ ಬೋನಸ್ಸು. ಇದರ ಜೊತೆಗೆ ಆಟಗಾರ್ತಿಯ ಹೆಸರು ಅಚ್ಚಾದ ಡಿಸ್ಕುಗಳು. ಒಂದೊಂದು ಮಾರಾಟವಾದಾಗಲೂ ಅವರಿಗೆ ಒಂದು ಪಾಲು ಬರುತ್ತದೆ. ಡಿಸ್ಕ್ರಾಫ್ಟ್ ಕಂಪನಿ ವಿಶ್ವ ಚಾಂಪಿಯನ್ ಪೇಜ್ ಪಿಯರ್ಸ್ ಹೆಸರಿನಲ್ಲಿ ತಂದ ಫಿಯರ್ಸ್ ಎಂಬ ಪಟರ್ (ಹತ್ತಿರದಿಂದ ಬಾಸ್ಕೆಟ್ಟಿಗೆ ಎಸೆಯುವ ಡಿಸ್ಕು) ಅಂಥದ್ದು. ಎಷ್ಟೋ ಆಟಗಾರ್ತಿಯರಿಗೆ ಬಹುಮಾನಕ್ಕಿಂತ ಈ ಪಾಲೇ ಹೆಚ್ಚು ನಂಬಿಕೆಯ ಆದಾಯ.

2021ರಲ್ಲಿ ಇದೇ ಡಿಸ್ಕ್ರಾಫ್ಟ್ ಗಂಡಸರ ಚಾಂಪಿಯನ್ ಪಾಲ್ ಮೆಕ್‌ಬೆತ್ ಜೊತೆ ಹತ್ತು ವರ್ಷಕ್ಕೆ 1 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ಓದಿದವರು ಈ ಆಟದಲ್ಲಿ ಎಲ್ಲರಿಗೂ ದುಡ್ಡಿದೆ ಅಂದುಕೊಂಡರು. ನಾನು ಹೇಳಿದ ವ್ಯಾನಿನ ಕಥೆ ಅದೇ ವರ್ಷದ್ದು.

ಹಂತ 3: ಆಟಗಾರ್ತಿಯನ್ನು ಹುಡುಕಿ

ಬಹಳ ಜನ ನೇರವಾಗಿ ಹೆಸರುವಾಸಿಯಾದವರ ಹತ್ತಿರ ಹೋಗುತ್ತಾರೆ. ಅವರಿಗೆ ನಿಮ್ಮ ಐದು ನೂರು ಡಾಲರ್ ಬೇಡ ಅಂತಲ್ಲ, ಆದರೆ ಅದು ಅವರ ದಾರಿಯನ್ನು ಬದಲಿಸುವುದಿಲ್ಲ. ನನ್ನ ಸಲಹೆ ಇಷ್ಟೇ: ನಿಮ್ಮ ರಾಜ್ಯದಲ್ಲೇ ಇರುವ, ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಪಂದ್ಯ ಆಡುವ, ಬಹುಮಾನದ ಗೆರೆಯ ಆಚೆ ಈಚೆ ತೂಗಾಡುತ್ತಿರುವ ಆಟಗಾರ್ತಿಯನ್ನು ಹುಡುಕಿ. ವ್ಯಾನಿನಲ್ಲಿ ಕೂತಿದ್ದ ಒಂಬತ್ತನೇ ಸ್ಥಾನದವರು ಅಂಥವರು.

ಹುಡುಕುವುದು ಸುಲಭ. ಪಿಡಿಜಿಎಯ ಪ್ರತಿ ಸದಸ್ಯರಿಗೂ ಒಂದು ನಂಬರ್ ಇದೆ. ಆ ನಂಬರ್ ಹಿಡಿದು ನೋಡಿದರೆ ಅವರು ಆಡಿದ ಪಂದ್ಯಗಳು, ಬಂದ ಸ್ಥಾನ, ಗೆದ್ದ ಬಹುಮಾನ, ರೇಟಿಂಗ್ ಎಲ್ಲವೂ ಸಂಘದ ತಾಣದಲ್ಲಿ ಕಾಣುತ್ತದೆ. ರೇಟಿಂಗ್‌ನಲ್ಲಿ ಹತ್ತು ಅಂಕ ಅಂದರೆ ಒಂದು ಸುತ್ತಿಗೆ ಸುಮಾರು ಒಂದು ಎಸೆತದ ವ್ಯತ್ಯಾಸ. ಒಂದೇ ಒಂದು ಪಂದ್ಯ ನೋಡಿ ತೀರ್ಮಾನಿಸಬೇಡಿ. ಎರಡು ವರ್ಷದಲ್ಲಿ ರೇಟಿಂಗ್ ಮೆಲ್ಲಗೆ ಏರುತ್ತಿದ್ದರೆ ಆ ವ್ಯಕ್ತಿ ಬೆವರು ಸುರಿಸುತ್ತಿದ್ದಾರೆ ಅಂತ ಅರ್ಥ.

ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಜನ ಹಿಂಬಾಲಿಸುತ್ತಾರೆ ಅಂತ ನೋಡಿ ಆರಿಸುವವರಿದ್ದಾರೆ. ಗಂಡು ಆಟಗಾರನಾದರೆ ಎಸೆತದ ವಿಡಿಯೋ ಕೇಳುತ್ತಾರೆ, ಹೆಣ್ಣಾದರೆ ಚೆನ್ನಾಗಿರುವ ಫೋಟೋ ಕೇಳುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ನೀವು ಆ ಸಾಲಿಗೆ ಸೇರಬೇಡಿ. ಅಂಕಪಟ್ಟಿ ನೋಡಿ, ಆಟ ನೋಡಿ. ಆಮೇಲೆ ಜೂನಿಯರ್ ಹುಡುಗಿಯರ ಜೊತೆ ಹೇಗೆ ಮಾತಾಡುತ್ತಾರೆ ಅಂತ ನೋಡಿ.

ಹತ್ತಿರದ ಕೋರ್ಸಿನಲ್ಲಿ ವಾರಕ್ಕೊಮ್ಮೆ ಮಹಿಳೆಯರ ಲೀಗ್ ಇದ್ದರೆ ಅಲ್ಲಿಗೆ ಹೋಗಿ. ಎರಡು ವಾರ ಸುಮ್ನೆ ಆಡಿ ಬನ್ನಿ. ಮೂರನೇ ವಾರ ಮಾತು ತೆಗೆಯಿರಿ.

ಹಂತ 4: ಏನು ಕೊಡಬಹುದು ಅಂತ ನಿರ್ಧರಿಸಿ

ನನ್ನ ಗೆಳತಿಯೊಬ್ಬಳು ಕನ್ನಡ ಕೂಟದಲ್ಲಿ ಕೇಳಿದಳು, "ಅಕ್ಕಾ, ನಮ್ಮದು ಸಣ್ಣ ಬ್ಯೂಟಿ ಪಾರ್ಲರು. ಅಷ್ಟೊಂದು ದುಡ್ಡು ಎಲ್ಲಿಂದ ತರೋದು?" ನಾನು ಅವಳಿಗೆ ಒಂದು ವಾರದ ಖರ್ಚು ಬರೆದು ತೋರಿಸಿದೆ. ಉದಾಹರಣೆಗೆ ಎಂಟ್ರಿ ಫೀ 150, ಇನ್ನೊಬ್ಬರ ಜೊತೆ ಹಂಚಿಕೊಂಡ ಕೋಣೆ ನಾಲ್ಕು ರಾತ್ರಿಗೆ 200, ಪೆಟ್ರೋಲು 120, ಊಟ 130. ಒಟ್ಟು 600 ಡಾಲರ್. ಪೂರ್ತಿ ಕೊಡಲಾಗದಿದ್ದರೆ ಇದರಲ್ಲಿ ಒಂದು ಸಾಲು ನಿಮ್ಮದಾಗಲಿ. "ಈ ವರ್ಷ ನಾಲ್ಕು ಪಂದ್ಯದ ಎಂಟ್ರಿ ಫೀ ನನ್ನದು" ಅಂದರೆ ಸಾಕು. ಆಟಗಾರ್ತಿಗೆ ಅದು ಲೆಕ್ಕಕ್ಕೆ ಸಿಗುವ ಸಹಾಯ. "ಏನಾದರೂ ಬೇಕಾದರೆ ಹೇಳಿ" ಅನ್ನುವ ಮಾತಿನಿಂದ ಯಾರ ಎಂಟ್ರಿ ಫೀಯೂ ತುಂಬುವುದಿಲ್ಲ.

ದುಡ್ಡಲ್ಲದೆಯೂ ಕೊಡಬಹುದು. ಫಿಸಿಯೋಥೆರಪಿ ಗೊತ್ತಿರುವವರು ತಿಂಗಳಿಗೆ ಎರಡು ಸಲ ಭುಜ, ಮೊಣಕೈ ನೋಡಿಕೊಡಿ. ಎಸೆಯುವ ಭುಜವೇ ಇವರ ಬಂಡವಾಳ. ಗ್ಯಾರೇಜ್ ಇರುವವರು ವ್ಯಾನಿನ ಆಯಿಲ್, ಟೈರು ನೋಡಿಕೊಳ್ಳಿ. ಡಿಸ್ಕ್ ಮಾರುವ ಅಂಗಡಿಯಾದರೆ 150ರಿಂದ 160 ಗ್ರಾಮ್‌ನ ಹಗುರ ಡಿಸ್ಕುಗಳನ್ನೂ ತರಿಸಿಡಿ. ಅಂಗಡಿಯ ಗೋಡೆ ತುಂಬ 170ರ ಮೇಲಿನವೇ ಇದ್ದರೆ ಹೊಸದಾಗಿ ಬರುವ ಹುಡುಗಿಯರು ಬಾಗಿಲಿಂದಲೇ ವಾಪಸ್ ಹೋಗುತ್ತಾರೆ.

ಇನ್ನೊಂದು ಇದೆ, ಅದು ನಮಗೆ ಬಹಳ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಉಳಿಸಿಕೊಳ್ಳುವುದು. ಪಂದ್ಯದ ವಾರದಲ್ಲಿ ಊರಿನವರು ಆಟಗಾರರಿಗೆ ಕೋಣೆ ಕೊಡುವ ಪದ್ಧತಿ ಈ ಆಟದಲ್ಲಿ ಮೊದಲಿನಿಂದಲೂ ಇದೆ. ಮಹಿಳೆಯೊಬ್ಬರು ಒಂಟಿಯಾಗಿ ಓಡಾಡುವಾಗ ನಂಬಿಕೆಯ ಮನೆ ಸಿಗುವುದು ದುಡ್ಡಿಗಿಂತ ದೊಡ್ಡದು. ನಮ್ಮ ಮನೆಯಲ್ಲಿ ಉಳಿದವರೊಬ್ಬರು ಮೊದಲ ದಿನ ಅನ್ನದ ಜೊತೆಗಿದ್ದ ತಿಳಿಸಾರನ್ನು ಲೋಟದಲ್ಲಿ ಕೇಳಿ ಕೇಳಿ ಕುಡಿದರು. ಮಾರನೇ ದಿನ ಸುತ್ತಿಗೆ ಹೋಗುವಾಗ ಥರ್ಮಾಸ್‌ಗೆ ಹಾಕಿಕೊಡಿ ಅಂದರು. ಬಂದವರಿಗೆ ಬೀಗದ ಕೈ ಬೇರೆ ಕೊಡಿ, ಅವರ ಕೋಣೆಗೆ ಒಳಗಿಂದ ಚಿಲಕ ಇರಲಿ, ರಾತ್ರಿ ಹರಟೆಗೆ ಕೂರಿಸಬೇಡಿ. ಬೆಳಗ್ಗೆ ಏಳೂವರೆಗೆ ಅವರ ಟೀ ಟೈಮ್, ಅಂದರೆ ಮೊದಲ ಎಸೆತದ ಹೊತ್ತು, ಇರುತ್ತದೆ.

ಹಂತ 5: ಬರೆದಿಟ್ಟುಕೊಳ್ಳಿ

ಮೊದಲ ವರ್ಷ ನಾನು ಮಾಡಿದ ತಪ್ಪು ಇದು. ಪತ್ರ ಬರೆದು ಪಂದ್ಯಗಳನ್ನು ಗೊತ್ತುಮಾಡಿದ ಮೇಲೆ, ದುಡ್ಡು ಯಾವಾಗ ಕೊಡುತ್ತೇನೆ ಅನ್ನುವುದನ್ನು ಮಾತಿನಲ್ಲೇ ಮುಗಿಸಿದೆ. "ಸೀಸನ್ನಿಗೆ ಸಹಾಯ ಮಾಡ್ತೀನಿ" ಅಂದೆ. ಅವರು ಫೆಬ್ರವರಿಯಲ್ಲಿ ಬರುತ್ತದೆ ಅಂದುಕೊಂಡಿದ್ದರು, ಯಾಕೆಂದರೆ ಆಗಲೇ ಎಂಟ್ರಿ ಫೀಗಳನ್ನು ಕಟ್ಟಬೇಕು. ನಾನು ಟ್ಯಾಕ್ಸ್ ಸೀಸನ್ ಮುಗಿದು ಕೈಗೆ ದುಡ್ಡು ಬಂದ ಮೇಲೆ, ಏಪ್ರಿಲ್ ಕೊನೆಗೆ ಕೊಟ್ಟೆ. ಅಷ್ಟರಲ್ಲಿ ಅವರು ಎರಡು ಪಂದ್ಯ ಬಿಟ್ಟಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ಎರಡು ಪುಟ ಸಾಕು, ವಕೀಲರ ಭಾಷೆ ಬೇಡ. ಎಷ್ಟು ದುಡ್ಡು, ಯಾವ ತಾರೀಖಿನೊಳಗೆ, ಎಷ್ಟು ತಿಂಗಳಿಗೆ. ಅದಕ್ಕೆ ಪ್ರತಿಯಾಗಿ ಅವರು ಏನು ಮಾಡುತ್ತಾರೆ. ನಾನು ಕೇಳುವುದು ಅಂಗಿಯ ತೋಳಿನ ಮೇಲೆ ನಮ್ಮ ಆಫೀಸಿನ ಹೆಸರು, ಮತ್ತು ವರ್ಷಕ್ಕೆ ಒಂದು ಭಾನುವಾರ ಊರಿನ ಹುಡುಗಿಯರಿಗೆ ಪಾಠ. ವಾರಕ್ಕೆ ಮೂರು ಪೋಸ್ಟು ಹಾಕಬೇಕು ಅಂತೆಲ್ಲ ಬರೆಸಿಕೊಳ್ಳಬೇಡಿ. ನೀವು ಕೊಡುವ ಐದು ನೂರಕ್ಕೆ ಅವರು ಐವತ್ತು ಗಂಟೆ ಕೆಲಸ ಮಾಡುವಂತಾದರೆ ಅದು ಸಹಾಯ ಅಲ್ವೇ ಅಲ್ಲ.

ತೋಳಿನ ಜಾಗ ಕೇಳುವ ಮೊದಲು ಇದನ್ನು ವಿಚಾರಿಸಿ: ಡಿಸ್ಕ್ ಕಂಪನಿಯ ಜೊತೆ ಅವರಿಗೆ ಈಗಾಗಲೇ ಒಪ್ಪಂದ ಇದೆಯಾ? ಇದ್ದರೆ ಬೇರೆ ಕಂಪನಿಯ ಡಿಸ್ಕು ಎಸೆಯುವಂತಿಲ್ಲ ಅಂತ ಅದರಲ್ಲಿ ಇರಬಹುದು. ಚೀಲ, ಅಂಗಿ, ಟೋಪಿಗಳ ಮೇಲೂ ಕಟ್ಟುಪಾಡು ಇರಬಹುದು. ಟ್ಯಾಕ್ಸ್ ಆಫೀಸಿಗೂ ಡಿಸ್ಕ್ ಕಂಪನಿಗೂ ಪೈಪೋಟಿ ಇಲ್ಲವಲ್ಲ, ಹಾಗಾಗಿ ನಮ್ಮಂಥವರಿಗೆ ಜಾಗ ಸಿಗುವುದು ಸುಲಭ. ಆದರೆ ಕೇಳದೆ ಅಂಗಿ ಹೊಲಿಸಬೇಡಿ.

ಕೊನೆಯದಾಗಿ ಎರಡು ಸಾಲು ತಪ್ಪದೆ ಬರೆಯಿರಿ. ಗಾಯವಾಗಿ ಆಡಲಾಗದಿದ್ದರೂ ಆ ವರ್ಷದ ದುಡ್ಡು ನಿಲ್ಲುವುದಿಲ್ಲ ಅಂತ ಒಂದು. ಬಸಿರು, ಬಾಣಂತನಕ್ಕೂ ಅದೇ ಮಾತು ಅಂತ ಇನ್ನೊಂದು. ಇದನ್ನು ಆಟಗಾರ್ತಿ ಬಾಯಿಬಿಟ್ಟು ಕೇಳಲಾರರು. ಕೇಳಿದರೆ ಅನುಮಾನ ಬರುತ್ತದೆ ಅನ್ನುವ ಭಯ ಅವರಿಗೆ. ನಾನು ಆ ಸಾಲನ್ನು ನಾನೇ ಮೊದಲು ಬರೆದು ಕಳಿಸಿದೆ. ಅವರು ಉತ್ತರದಲ್ಲಿ ಬೇರೆ ಏನನ್ನೂ ಹೇಳದೆ ಆ ಸಾಲನ್ನಷ್ಟೇ ನಕಲು ಮಾಡಿ, ಕೆಳಗೆ ಥ್ಯಾಂಕ್ಯೂ ಅಂತ ಬರೆದಿದ್ದರು.

ಹಂತ 6: ಟೂರ್ನಮೆಂಟಿಗೆ ಕೊಡುವುದಾದರೆ ಈ ಪ್ರಶ್ನೆ ಕೇಳಿ

ಎಫ್‌ಪಿಒಗೆ ಅಂತ ಷರತ್ತು ಹಾಕುವುದನ್ನು ಆಗಲೇ ಹೇಳಿದೆ. ಸಾಧ್ಯವಾದರೆ ಅದರಲ್ಲೂ ಒಂದು ಮಾತು ಸೇರಿಸಿ: ಪೂರ್ತಿ ಮೊದಲ ಸ್ಥಾನಕ್ಕೆ ಸುರಿಯುವ ಬದಲು, ಬಹುಮಾನ ಸಿಗುವವರ ಪಟ್ಟಿಯನ್ನು ಇನ್ನಿಬ್ಬರಿಗೆ ಉದ್ದ ಮಾಡಿ ಅಂತ. ಒಂಬತ್ತನೆಯವರೂ ಹತ್ತನೆಯವರೂ ಪೆಟ್ರೋಲಿನ ದುಡ್ಡಾದರೂ ತಗೊಂಡು ಹೋಗಲಿ. ಸಂಘದ ನಿಯಮದೊಳಗೆ ಹೇಗೆ ಮಾಡಬಹುದು ಅಂತ ಟೂರ್ನಮೆಂಟ್ ಡೈರೆಕ್ಟರ್‌ಗೆ ಗೊತ್ತಿರುತ್ತದೆ.

ಆಮೇಲೆ ಕೇಳಿ: ಕೋರ್ಸಿನಲ್ಲಿ ಶೌಚಾಲಯ ಎಷ್ಟಿವೆ? 18 ಬಾಸ್ಕೆಟ್ಟಿನ ಸುತ್ತು ಮೂರು ಗಂಟೆ ಮೀರುತ್ತದೆ. ನಾನು ನೋಡಿದ ಒಂದು ಪಂದ್ಯದಲ್ಲಿ ಇಡೀ ಕಾಡಿಗೆ ಒಂದೇ ಒಂದು ಇತ್ತು, ಅದೂ ಪಾರ್ಕಿಂಗ್ ಹತ್ತಿರ. ಗಂಡಸರು ಮರದ ಮರೆಗೆ ಹೋಗಿ ಬಂದರು. ಆಟಗಾರ್ತಿಯರು ಬಿಸಿಲಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮರುವರ್ಷ ನಾನು ಜಾಹೀರಾತಿನ ಬೋರ್ಡಿಗೆ ದುಡ್ಡು ಕೊಡಲಿಲ್ಲ. ಒಂಬತ್ತನೇ ಟೀ ಹತ್ತಿರ ಒಂದು ಬಾಡಿಗೆ ಶೌಚಾಲಯ ಇಡಿಸಿದೆ. ಬೋರ್ಡಿನ ಮೇಲೆ ನಮ್ಮ ಹೆಸರು ಹಾಕಿಸಿದ ಯಾವ ವರ್ಷವೂ ಅಷ್ಟು ಜನ ಬಂದು ಕೈ ಕುಲುಕಿರಲಿಲ್ಲ.

ಬಹುಮಾನ ಕೊಡುವ ಹೊತ್ತನ್ನೂ ಕೇಳಿಕೊಳ್ಳಿ. ಮಹಿಳೆಯರ ಸುತ್ತು ಮೊದಲು ಮುಗಿದುಹೋಗಿ, ಗೆದ್ದವರು ಮೂರು ಗಂಟೆ ಕಾದು, ಕೊನೆಗೆ ಖಾಲಿ ಕುರ್ಚಿಗಳ ಮುಂದೆ ಚೆಕ್ ತಗೊಂಡು ಹೋಗುವುದನ್ನು ನೋಡಿದ್ದೇನೆ. ಊರಿನ ಕಬಡ್ಡಿ ಪಂದ್ಯ ನೆನಪು ಮಾಡಿಕೊಳ್ಳಿ. ಮೈಕಿನಲ್ಲಿ ಆಟಗಾರರ ಹೆಸರು, ಅವರ ಅಪ್ಪನ ಹೆಸರು, ಊರಿನ ಹೆಸರು, ಬಹುಮಾನ ಕೊಟ್ಟವರ ಹೆಸರು, ಎಲ್ಲವನ್ನೂ ಎರಡೆರಡು ಸಲ ಕೂಗಿ ಹೇಳುತ್ತಾರೆ. ಅದೇ ಥರ ಇಲ್ಲೂ ಆಗಲಿ. ಮಹಿಳೆಯರ ಕೊನೆಯ ಬಾಸ್ಕೆಟ್ಟಿನ ಪಕ್ಕದಲ್ಲೇ, ಜನ ಇನ್ನೂ ಸುತ್ತ ನಿಂತಿರುವಾಗಲೇ, ಬಹುಮಾನ ಕೊಡಿ ಅಂತ ಕೇಳಿ. ದುಡ್ಡು ಕೊಟ್ಟವರು ಕೇಳಿದರೆ ಕೇಳುತ್ತಾರೆ.

ಹಂತ 7: ಹೆಸರು ಹೇಳಿ

ಇದಕ್ಕೆ ಒಂದು ಡಾಲರ್ ಕೂಡ ಬೇಡ. ಆದರೆ ಎಷ್ಟೋ ಜನ ಮಾಡುವುದಿಲ್ಲ.

ಡಿಸ್ಕ್ ಗಾಲ್ಫ್ ಆಡುವ ಯಾರನ್ನಾದರೂ ಕೇಳಿ, ಐದು ಗಂಡು ಚಾಂಪಿಯನ್ನರ ಹೆಸರು ಪಟಪಟ ಹೇಳುತ್ತಾರೆ. ಹೆಂಗಸರದ್ದು ಕೇಳಿದರೆ ಒಂದೋ ಎರಡೋ. ಹಾಗಾಗಿ ನಾವು ಕಲಿತುಕೊಳ್ಳೋಣ. ಎಲೇನ್ ಕಿಂಗ್, ಐದು ಸಲ ವಿಶ್ವ ಚಾಂಪಿಯನ್. ಜೂಲಿಯಾನಾ ಕೊರ್ವರ್, 1998ರಿಂದ 2001ರವರೆಗೆ ಸತತ ನಾಲ್ಕು ಸಲ, ಮತ್ತೆ 2003ರಲ್ಲಿ. ವ್ಯಾಲರಿ ಜೆಂಕಿನ್ಸ್, 2007ರಿಂದ ಮೂರು ವರ್ಷ ಸತತವಾಗಿ, ಆಮೇಲೆ ಏಳು ವರ್ಷ ಬಿಟ್ಟು 2016ರಲ್ಲಿ. ಪೇಜ್ ಪಿಯರ್ಸ್ 2011, 2013, 2015, 2017, 2019, ವರ್ಷ ಬಿಟ್ಟು ವರ್ಷ. ಎಸ್ಟೋನಿಯಾದ ಕ್ರಿಸ್ಟಿನ್ ಟಾಟ್ಟರ್ 2022 ಮತ್ತು 2023. ಫಿನ್ಲೆಂಡಿನ ಎವೆಲೀನಾ ಸಲೋನೆನ್ 2024.

ನಮ್ಮ ಶಾರ್ಲೆಟ್ಟಿಗೂ ಇದರಲ್ಲಿ ಪಾಲಿದೆ. 2012ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಇಲ್ಲೇ ನಡೆಯಿತು, ಸಾರಾ ಹೋಕಮ್ ಗೆದ್ದರು. 2021ರಲ್ಲಿ ಪ್ರೊ ಟೂರಿನ ಅಂತಿಮ ಚಾಂಪಿಯನ್‌ಶಿಪ್ ಕೂಡ ಇಲ್ಲೇ, ಗೆದ್ದವರು ಮಿಸ್ಸಿ ಗ್ಯಾನನ್. ನಾನು ವಾರವಾರ ಆಡುವ ಹಾರ್ನೆಟ್ಸ್ ನೆಸ್ಟ್ ಪಾರ್ಕಿನಲ್ಲಿ ಅವರೆಲ್ಲ ಆಡಿದ್ದಾರೆ ಅಂತ ಹೊಸ ಹುಡುಗಿಯರಿಗೆ ಹೇಳಿದಾಗ, ಅವರು ಅದೇ ಟೀ ಮೇಲೆ ನಿಲ್ಲುವ ರೀತಿಯೇ ಬೇರೆಯಾಗುತ್ತದೆ.

ಮಾಡಬೇಕಾದ್ದು ಸಣ್ಣ ಸಣ್ಣದು. ನಿಮ್ಮ ಆಟಗಾರ್ತಿ ಗೆದ್ದ ವಾರ ಸ್ಥಳೀಯ ಪತ್ರಿಕೆಗೆ ನಾಲ್ಕು ಸಾಲು ಬರೆದು, ಒಂದು ಒಳ್ಳೆಯ ಫೋಟೋ ಜೊತೆಗೆ ಕಳಿಸಿ. ಎಸೆಯುತ್ತಿರುವ ಫೋಟೋ ಇರಲಿ. ಆಫೀಸಿನ ಗೋಡೆಗೆ ಅವರು ಸಹಿ ಹಾಕಿದ ಡಿಸ್ಕು ನೇತುಹಾಕಿ. ನಮ್ಮಲ್ಲಿಗೆ ಟ್ಯಾಕ್ಸ್ ಮಾಡಿಸಲು ಬರುವವರು ಮೊದಲು ಕೇಳುವುದೇ ಅದನ್ನು, "ಇದ್ಯಾರದ್ದು?" ಅಂತ. ಅವರ ಹೆಸರಿನ ಡಿಸ್ಕು ಕೊಳ್ಳುವಾಗ ಆದಷ್ಟೂ ಅವರ ಕೈಯಿಂದಲೇ ಕೊಳ್ಳಿ. "ಹೆಣ್ಣಾಗಿ ಎಷ್ಟು ಚೆನ್ನಾಗಿ ಎಸೀತಾರೆ" ಅನ್ನುವ ಮಾತು ಬಾಯಿಗೆ ಬಂದರೆ ಮೊದಲ ಪದವನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿ.

ಮಹಿಳೆಯರದ್ದೇ ಆದ ಪಂದ್ಯಗಳಿಗೆ ಹೋಗಿ ನಿಲ್ಲಿ. ಅಮೆರಿಕದ ಮಹಿಳಾ ಚಾಂಪಿಯನ್‌ಶಿಪ್ 1999ರಿಂದ ನಡೆಯುತ್ತಿದೆ. ಪಿಡಿಜಿಎಯ ವಿಮೆನ್ಸ್ ಗ್ಲೋಬಲ್ ಈವೆಂಟ್ 2012ರಲ್ಲಿ ಶುರುವಾಯಿತು. ಒಂದೇ ಸಮಯಕ್ಕೆ ಬೇರೆ ಬೇರೆ ದೇಶಗಳ ಬಹಳಷ್ಟು ಮಹಿಳೆಯರು ತಮ್ಮ ತಮ್ಮ ಊರಿನಲ್ಲೇ ಆಡಿ, ಎಲ್ಲರ ಅಂಕವನ್ನೂ ಒಂದೇ ಪಟ್ಟಿಗೆ ಸೇರಿಸುವುದು ಇದರ ವಿಶೇಷ. ನಮ್ಮಿಂದ ಅರ್ಧ ಗಂಟೆ ದೂರದ ರಾಕ್ ಹಿಲ್‌ನಲ್ಲಿ ವಿನ್‌ಥ್ರಾಪ್ ವಿಶ್ವವಿದ್ಯಾಲಯದ ಮೈದಾನವಿದೆ. ಅಲ್ಲಿ ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ ಜೊತೆಗೆ ಈಚೆಗೆ ಥ್ರೋ ಪಿಂಕ್ ಮಹಿಳಾ ಚಾಂಪಿಯನ್‌ಶಿಪ್ ಕೂಡ ನಡೆದಿದೆ. ಹದಿನೇಳನೇ ಬಾಸ್ಕೆಟ್ಟಿನ ಸುತ್ತ ಹುಲ್ಲಿನ ಪಿಂಡಿ ಜೋಡಿಸಿರುತ್ತಾರೆ. ಅದರ ಹತ್ತಿರ ಒಂದು ಮಧ್ಯಾಹ್ನ ನಿಂತು ನೋಡಿ.

ಹಂತ 8: ತೆರಿಗೆ

ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ ನಿಮ್ಮ ವ್ಯಾಪಾರದ ಹೆಸರು ಅಂಗಿಯ ಮೇಲೋ ಬೋರ್ಡಿನ ಮೇಲೋ ಬರುತ್ತಿದ್ದರೆ ಅದು ಸಾಮಾನ್ಯವಾಗಿ ಜಾಹೀರಾತಿನ ಖರ್ಚು. ಅದಕ್ಕೇ ಎರಡು ಪುಟದ ಒಪ್ಪಂದ, ಅಂಗಿಯ ಫೋಟೋ, ಚೆಕ್ಕಿನ ಪ್ರತಿ ಜೋಪಾನವಾಗಿಡಿ. ಆಟಗಾರ್ತಿಗೆ ಇದು ಆದಾಯ, ಮೊತ್ತ ನಿಗದಿತ ಮಿತಿ ದಾಟಿದರೆ ಅವರಿಗೆ ಕೊಟ್ಟ ದುಡ್ಡನ್ನು ತೋರಿಸುವ 1099 ಫಾರಂ ನೀವು ಕೊಡಬೇಕು. ಅವರಿಗೆ ಇದನ್ನು ವರ್ಷದ ಮೊದಲೇ ತಿಳಿಸಿ, ಪೆಟ್ರೋಲ್ ರಸೀದಿಗಳನ್ನು ಎಸೆಯಬೇಡಿ ಅಂತ ಹೇಳಿ. ಎಷ್ಟೋ ಆಟಗಾರ್ತಿಯರು ಕಳೆಯಬಹುದಾದ ಖರ್ಚನ್ನೂ ಕಳೆಯದೆ ತೆರಿಗೆ ಕಟ್ಟುತ್ತಿರುತ್ತಾರೆ. ಉಳಿದದ್ದು ನಿಮ್ಮ ಟ್ಯಾಕ್ಸ್ ನೋಡುವವರನ್ನು ಕೇಳಿ, ಬೇರೆ ದೇಶದಲ್ಲಿರುವವರು ಅಲ್ಲಿನ ನಿಯಮ ನೋಡಿಕೊಳ್ಳಿ.

ಕರ್ನಾಟಕದಲ್ಲಿ ಇರುವವರಿಗೆ

ಅಲ್ಲಿ ಡಿಸ್ಕ್ ಗಾಲ್ಫ್ ಇನ್ನೂ ಅಪರೂಪ. ಆದರೆ ಬೆಂಗಳೂರಿನಲ್ಲಿ ಅದರ ಅಕ್ಕನಂತಿರುವ, ತಂಡವಾಗಿ ಡಿಸ್ಕ್ ಎಸೆದು ಆಡುವ ಅಲ್ಟಿಮೇಟ್ ಫ್ರಿಸ್ಬಿ ಚೆನ್ನಾಗಿ ಬೇರುಬಿಟ್ಟಿದೆ. ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುವ ಪದ್ಧತಿಯೂ ಅಲ್ಲಿದೆ. ಡಿಸ್ಕ್ ಆಟಗಳ ವಿಶ್ವ ಸಂಸ್ಥೆಗೆ 2015ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿದೆ. ಹೊರಗಿನ ಪಂದ್ಯಕ್ಕೆ ಹೋಗಲು ರೈಲಿನ, ವಿಮಾನದ ದುಡ್ಡಿಗೆ ಪರದಾಡುವ ಆಟಗಾರ್ತಿಯರು ಅಲ್ಲೂ ಇರುತ್ತಾರೆ. ಹಂತ 3, 4, 5 ಅವರಿಗೂ ಹೊಂದುತ್ತವೆ.

ಯಾವಾಗ ಶುರು ಮಾಡಬೇಕು

ಪ್ರೊ ಟೂರಿನ ಸೀಸನ್ ಸಾಮಾನ್ಯವಾಗಿ ಫೆಬ್ರವರಿ ಕೊನೆಗೆ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯುತ್ತದೆ. ಚಳಿಗಾಲದಲ್ಲಿ ಆಟಗಾರ್ತಿಯರು ಮುಂದಿನ ವರ್ಷದ ಲೆಕ್ಕ ಹಾಕುತ್ತಿರುತ್ತಾರೆ. ನವೆಂಬರ್‌ನಲ್ಲಿ ಬರೆದರೆ ನಿಮ್ಮ ದುಡ್ಡು ಆ ಲೆಕ್ಕದೊಳಗೆ ಬರುತ್ತದೆ. ಮಾರ್ಚ್‌ನಲ್ಲಿ ಬರೆದರೆ ಅದರ ಹೊರಗೆ ಉಳಿಯುತ್ತದೆ.

ಪತ್ರ ಉದ್ದ ಬೇಡ. ನಾನು ಮೊದಲ ಸಲ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: "ನಿಮ್ಮ ಆಟವನ್ನು ಈ ವರ್ಷ ಮೂರು ಪಂದ್ಯಗಳಲ್ಲಿ ನೋಡಿದ್ದೇನೆ. ನನ್ನದೊಂದು ಸಣ್ಣ ಆಫೀಸು. ಮುಂದಿನ ವರ್ಷ ನಿಮ್ಮ ನಾಲ್ಕು ಪಂದ್ಯಗಳ ಎಂಟ್ರಿ ಫೀ ಕೊಡಲು ಇಷ್ಟ. ಯಾವ ನಾಲ್ಕು ಅಂತ ನೀವೇ ಆರಿಸಿ. ನಿಮಗೆ ಈಗಿರುವ ಒಪ್ಪಂದಗಳಿಗೆ ತೊಂದರೆ ಆಗದಿದ್ದರೆ ಮಾತಾಡೋಣ." ಕೆಳಗೆ ನನ್ನ ಹೆಸರು, ಫೋನ್ ನಂಬರು.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಒಂದು ಪಟ್ಟಿ ಬಂತು. ನಾಲ್ಕು ಪಂದ್ಯ, ತಾರೀಖು, ಫೀ. ಆ ಪಟ್ಟಿಯ ಮೊದಲ ಪಂದ್ಯದ ಪಕ್ಕದಲ್ಲಿ ಆವರಣದೊಳಗೆ ಬರೆದಿದ್ದರು: ಕಳೆದ ವರ್ಷ ಇಲ್ಲೇ ಒಂಬತ್ತನೆಯವಳಾಗಿದ್ದೆ.